ಓಸೇಜ್ ಜನರ ಕಾರುಗಳು: ಹೊಸ ಹಣದ ಖರ್ಚಿಗೆ ಸಮಾಜ ಕೊಟ್ಟ ತೀರ್ಪು

1921ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಒಕ್ಲಹೋಮ ರಾಜ್ಯದ ಓಸೇಜ್ ಎಂಬ ಮೂಲನಿವಾಸಿ ಜನಾಂಗಕ್ಕೆ ಸಂಬಂಧಿಸಿದ ಕಾನೂನು ಅದು. ತನ್ನ ಹಣ ತಾನೇ ನೋಡಿಕೊಳ್ಳಬಲ್ಲ ಎಂದು ಸರ್ಕಾರ ಕೊಡುವ 'ಯೋಗ್ಯತಾ ಪತ್ರ' ಪಡೆಯದ ಓಸೇಜ್ ವಯಸ್ಕರಿಗೆ ತಮ್ಮ ನೆಲದ ಕಚ್ಚಾ ಎಣ್ಣೆಯಿಂದ ಬಂದ ಹಣದಲ್ಲಿ ಮೂರು ತಿಂಗಳಿಗೆ 1,000 ಡಾಲರ್ ಮಾತ್ರ ಕೈಗೆ ಸಿಗುತ್ತಿತ್ತು. 18 ವರ್ಷ ತುಂಬದವರ ಲೆಕ್ಕಕ್ಕೆ 500 ಡಾಲರ್. ಮಿಕ್ಕ ಹಣ ಸರ್ಕಾರದ ವಶದಲ್ಲಿ ಇರಬೇಕು.

ಅದು ಸಾಲದ ಹಣ ಆಗಿರಲಿಲ್ಲ. ಸರ್ಕಾರ ಕೊಟ್ಟ ನೆರವೂ ಆಗಿರಲಿಲ್ಲ. ಅವರದೇ ನೆಲದ ಅಡಿಯಿಂದ ಬಂದ ಹಣ. ಅದನ್ನು ಅವರಿಂದ ದೂರ ಇಡೋಕೆ ಕೊಟ್ಟ ಕಾರಣ ಒಂದೇ. ಇವರಿಗೆ ಖರ್ಚು ಮಾಡೋಕೆ ಬರೋದಿಲ್ಲ, ಬಿಟ್ಟರೆ ಎಲ್ಲ ಹಾಳು ಮಾಡಿಕೊಳ್ಳುತ್ತಾರೆ ಎಂಬ ಅಭಿಪ್ರಾಯ.

ಹೊಸದಾಗಿ ದುಡ್ಡು ಬಂದವರ ಖರ್ಚಿನ ಬಗ್ಗೆ ಮಾತಾಡದ ಸಮಾಜ ಇಲ್ಲ. ಏನು ಕೊಂಡರು, ಎಷ್ಟು ಕೊಟ್ಟರು, ಅದು ಅವರಿಗೆ ಬೇಕಿತ್ತಾ ಅಂತ ಎಲ್ಲ ಕಡೆಯೂ ಲೆಕ್ಕ ಹಾಕುತ್ತಾರೆ. ಹೆಚ್ಚಿನ ಸಲ ಅದು ಮಾತಿನಲ್ಲೇ ಮುಗಿಯುತ್ತದೆ. ಮಾತು ಮನಸ್ಸು ನೋಯಿಸುತ್ತದೆ, ಅಷ್ಟೇ. ಓಸೇಜ್ ಜನರ ವಿಷಯದಲ್ಲಿ ಮಾತು ಅಲ್ಲಿಗೆ ನಿಲ್ಲಲಿಲ್ಲ. ಪತ್ರಿಕೆಯ ಸುದ್ದಿಯಾಯಿತು, ಆಮೇಲೆ ಕಾನೂನಾಯಿತು, ಆ ಕಾನೂನಿನ ನೆರಳಲ್ಲಿ ದೊಡ್ಡ ಲೂಟಿ ನಡೆಯಿತು. ಕೊನೆಗೆ ಕೊಲೆಗಳೂ ಆದವು. ಒಂದು ಸಮಾಜದ ತೀರ್ಪು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ. ಹಾಗಾಗಿ ಇದನ್ನು ಮೊದಲಿಂದ ನೋಡೋಣ.

ಹಣ ಬಂದ ದಾರಿ

ಓಸೇಜ್ ಜನ ಮೊದಲು ಕ್ಯಾನ್ಸಸ್‌ನಲ್ಲಿದ್ದರು. ಬಿಳಿಯ ವಲಸಿಗರ ಒತ್ತಡ ಜಾಸ್ತಿಯಾಗಿ ಅಲ್ಲಿನ ಭೂಮಿ ಮಾರಿ ಹೊರಡಬೇಕಾಯಿತು. 1870ರ ದಶಕದಲ್ಲಿ, ಆ ಭೂಮಿ ಮಾರಿದ ಹಣದಿಂದಲೇ, ಚೆರೋಕಿ ಜನರಿಂದ ಸುಮಾರು 15 ಲಕ್ಷ ಎಕರೆ ಕೊಂಡರು. ಇವತ್ತಿನ ಒಕ್ಲಹೋಮದ ಉತ್ತರ ಭಾಗ ಅದು. ಕಲ್ಲುಗುಡ್ಡಗಳ ನೆಲ, ಉಳುಮೆಗೆ ಅಷ್ಟೇನೂ ಒಗ್ಗುವುದಲ್ಲ. ಇಂಥ ನೆಲದ ಮೇಲೆ ಯಾರೂ ಕಣ್ಣು ಹಾಕುವುದಿಲ್ಲ, ಇನ್ನು ಯಾರೂ ನಮ್ಮನ್ನು ಎಬ್ಬಿಸೋದಿಲ್ಲ ಎಂಬ ನಂಬಿಕೆಯಿಂದಲೇ ಅದನ್ನು ಆರಿಸಿಕೊಂಡರು. ಒಂದು ಮಾತು ಇಲ್ಲಿ ನೆನಪಿಡಬೇಕು. ಈ ನೆಲ ಅವರಿಗೆ ಯಾರೋ ಬಿಟ್ಟುಕೊಟ್ಟದ್ದಲ್ಲ, ದುಡ್ಡು ಕೊಟ್ಟು ಕೊಂಡದ್ದು.

ಆಮೇಲೆ ಬಂದದ್ದು ಹಂಚಿಕೆಯ ಕಾಲ. ಮೂಲನಿವಾಸಿಗಳು ಒಟ್ಟಾಗಿ ಹಿಡಿದ ಭೂಮಿಯನ್ನು ಒಡೆದು ಒಬ್ಬೊಬ್ಬರ ಹೆಸರಿಗೆ ಮಾಡುವುದು ಸರ್ಕಾರದ ನೀತಿಯಾಗಿತ್ತು. ಓಸೇಜ್‌ರು ಅದನ್ನು ತಡೆಯಲಾಗಲಿಲ್ಲ. ಆದರೆ 1906ರ ಹಂಚಿಕೆ ಕಾನೂನಿನಲ್ಲಿ ಒಂದು ಅಂಶವನ್ನು ಪಟ್ಟು ಹಿಡಿದು ಸೇರಿಸಿದರು. ಮೇಲಿನ ನೆಲ ಹಂಚಿಕೆಯಾಗಲಿ, ನೆಲದ ಅಡಿಯ ಎಣ್ಣೆ, ಅನಿಲ, ಖನಿಜ ಮಾತ್ರ ಇಡೀ ಜನಾಂಗದ ಒಟ್ಟು ಆಸ್ತಿಯಾಗಿ ಉಳಿಯಬೇಕು. ಆಗ ತಯಾರಾದ ಪಟ್ಟಿಯಲ್ಲಿ 2,229 ಜನರ ಹೆಸರು ಇತ್ತು. ಪ್ರತಿಯೊಬ್ಬರಿಗೂ ಖನಿಜದ ಆದಾಯದಲ್ಲಿ ಒಂದು ಪಾಲು. ಅದಕ್ಕೆ 'ಹೆಡ್‌ರೈಟ್' ಎಂದು ಹೆಸರು. 1907ರ ಜುಲೈ ಹೊತ್ತಿಗೆ ಪಟ್ಟಿ ಮುಗಿಯಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಸ್ವಂತ ಪಾಲಿಲ್ಲ, ಹಿರಿಯರಿಂದ ಉತ್ತರಾಧಿಕಾರವಾಗಿ ಬಂದರೆ ಮಾತ್ರ ಉಂಟು.

ತಮಗೆ ವ್ಯವಹಾರ ಗೊತ್ತಿಲ್ಲ ಅಂತ ಆಮೇಲೆ ಅನ್ನಿಸಿಕೊಂಡ ಜನ ಮಾಡಿದ ಕರಾರು ಇದು. ಆ ಕಾಲದಲ್ಲಿ ಬೇರೆ ಎಷ್ಟೋ ಮೂಲನಿವಾಸಿ ಸಮುದಾಯಗಳು ಹಂಚಿಕೆಯಲ್ಲಿ ಸಿಕ್ಕಿದ ಭೂಮಿಯನ್ನು ಒಂದೊಂದಾಗಿ ಕಳೆದುಕೊಂಡವು. ಓಸೇಜ್‌ರ ನೆಲದ ಅಡಿಯ ಸಂಪತ್ತು ಒಟ್ಟಾಗಿ ಉಳಿಯಿತು.

ಎಣ್ಣೆ ಸಿಕ್ಕಿತು. ಪಾಹಸ್ಕಾ ಪಟ್ಟಣದಲ್ಲಿ ಒಂದು ದೊಡ್ಡ ಎಲ್ಮ್ ಮರದ ಕೆಳಗೆ ಎಣ್ಣೆ ತೆಗೆಯುವ ಗುತ್ತಿಗೆಯ ಹರಾಜು ನಡೆಯುತ್ತಿತ್ತು. ಫ್ರಾಂಕ್ ಫಿಲಿಪ್ಸ್, ವಿಲಿಯಂ ಸ್ಕೆಲ್ಲಿ, ಇ. ಡಬ್ಲ್ಯು. ಮಾರ್ಲಂಡ್‌ನಂಥ ಎಣ್ಣೆ ಕುಳಗಳು ಅಲ್ಲಿ ಬಂದು ಕೂಗುತ್ತಿದ್ದರು. 1922ರಲ್ಲಿ 160 ಎಕರೆಯ ಒಂದು ತುಂಡಿನ ಗುತ್ತಿಗೆ 10 ಲಕ್ಷ ಡಾಲರ್ ದಾಟಿತು. ಆ ಮರಕ್ಕೆ 'ಮಿಲಿಯನ್ ಡಾಲರ್ ಎಲ್ಮ್' ಎಂಬ ಹೆಸರೇ ಬಿತ್ತು. 1923 ಒಂದೇ ವರ್ಷದಲ್ಲಿ ಜನಾಂಗಕ್ಕೆ ಬಂದದ್ದು 3 ಕೋಟಿ ಡಾಲರ್‌ಗಿಂತ ಜಾಸ್ತಿ. 1925ರಲ್ಲಿ ಒಂದು ಹೆಡ್‌ರೈಟ್‌ಗೆ ಸುಮಾರು 13,000 ಡಾಲರ್ ಸಿಕ್ಕಿತು. ಮನೆಯಲ್ಲಿ ನಾಲ್ಕೈದು ಪಾಲು ಇದ್ದವರ ಆದಾಯವನ್ನು ನೀವೇ ಲೆಕ್ಕ ಹಾಕಬಹುದು. ತಲಾ ಆದಾಯದಲ್ಲಿ ಜಗತ್ತಿನಲ್ಲೇ ಇವರಷ್ಟು ಶ್ರೀಮಂತರಿಲ್ಲ ಎಂದು ಪತ್ರಿಕೆಗಳು ಬರೆದವು.

ಏನು ಕೊಂಡರು, ಏನು ಅನ್ನಿಸಿಕೊಂಡರು

ಕಾರು ಕೊಂಡರು. ಇಟ್ಟಿಗೆಯ ದೊಡ್ಡ ಮನೆ ಕಟ್ಟಿಸಿದರು. ಪಿಯಾನೊ, ಬೆಳ್ಳಿ ಪಾತ್ರೆ, ಒಡವೆ, ಉಣ್ಣೆಯ ಒಳ್ಳೊಳ್ಳೆ ಹೊದಿಕೆ ಕೊಂಡರು. ಮನೆಗೆಲಸಕ್ಕೆ, ಕಾರು ಓಡಿಸೋಕೆ ಆಳು ಇಟ್ಟುಕೊಂಡರು. ಆಳುಗಳಲ್ಲಿ ಬಿಳಿಯರೂ ಇದ್ದರು. ದೂರದ ಊರಿನ ಓದುಗರನ್ನು ತುಂಬ ಕೆಣಕಿದ್ದು ಈ ಕೊನೆಯ ಸಂಗತಿ ಎಂದು ನನಗೆ ಅನ್ನಿಸುತ್ತದೆ. ಮೂಲನಿವಾಸಿ ಹೆಂಗಸು ಕಾರಿನ ಹಿಂದಿನ ಸೀಟಿನಲ್ಲಿ ಹೊದಿಕೆ ಹೊದ್ದು ಕೂತಿದ್ದಾಳೆ, ಮುಂದೆ ಬಿಳಿಯ ಚಾಲಕ. ಈ ಚಿತ್ರವನ್ನು ಪತ್ರಿಕೆಗಳು ಮತ್ತೆ ಮತ್ತೆ ಬಿಡಿಸಿದವು.

ಒಂದು ಮಾತು ಆಗ ತುಂಬ ಓಡಾಡಿತು. ಅಮೆರಿಕದಲ್ಲಿ 11 ಜನರಿಗೆ ಒಂದು ಕಾರು ಇದ್ದರೆ, ಓಸೇಜ್ ಜನರಲ್ಲಿ ಒಬ್ಬೊಬ್ಬರಿಗೂ 11 ಕಾರು ಇದೆಯಂತೆ. ಸ್ವಲ್ಪ ನಿಂತು ಲೆಕ್ಕ ಮಾಡಿ. ಪಟ್ಟಿಯ 2,229 ಜನರಿಗೆ 11ರಂತೆ 24,519 ಕಾರು. ಒಂದು ಕೌಂಟಿಯ, ಅಂದರೆ ಜಿಲ್ಲೆಯಂಥ ಪ್ರದೇಶದ, ಮಣ್ಣು ರಸ್ತೆಗಳಲ್ಲಿ, ಮಕ್ಕಳು ಮುದುಕರು ಸೇರಿದ ಇಷ್ಟೇ ಜನ, ಅಷ್ಟು ಕಾರು. ಯಾರೂ ಈ ಲೆಕ್ಕ ಮಾಡಲಿಲ್ಲ. ಮಾಡಬೇಕು ಅನ್ನಿಸಲೂ ಇಲ್ಲ. ಹೊಸ ಶ್ರೀಮಂತರ ಬಗ್ಗೆ ಕೇಳಿದ ಕಥೆಯನ್ನು ಜನ ಪರೀಕ್ಷೆ ಮಾಡೋದು ಕಡಿಮೆ. ಅದು ಮೊದಲೇ ಮನಸ್ಸಿನಲ್ಲಿದ್ದ ಮಾತಿಗೆ ಸರಿಹೊಂದಿದರೆ ಸಾಕು, ಮುಂದಿನವರಿಗೆ ದಾಟಿಸುತ್ತಾರೆ. ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡಿಸದೆ ರಸ್ತೆ ಬದಿಯಲ್ಲೇ ಬಿಟ್ಟು ಹೊಸದು ಕೊಳ್ಳುತ್ತಾರೆ ಎಂಬ ಕಥೆಯೂ ಹೀಗೇ ಹಬ್ಬಿತು. ಒಂದೆರಡು ಕಡೆ ನಿಜವಾಗಿ ನಡೆದಿರಬಹುದು. ಆದರೆ ಇಡೀ ಜನಾಂಗದ ಗುಣ ಎಂಬಂತೆ ಅದನ್ನು ಹೇಳಿದರು.

ಕಥೆಗಳಲ್ಲಿ ಬಿಟ್ಟುಹೋದದ್ದು ಏನು ಎಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಓಸೇಜ್‌ರ ಊರುಗಳು ಗುಡ್ಡಗಳ ನಡುವೆ ಚದುರಿದ್ದವು. ಪಾಹಸ್ಕಾ, ಹಾಮಿನಿ, ಗ್ರೇ ಹಾರ್ಸ್ ಎಂಬ ಮೂರು ಮುಖ್ಯ ನೆಲೆಗಳು. ಪ್ರತಿ ಬೇಸಿಗೆಯ ಕುಣಿತಗಳಿಗೆ ನೆಂಟರೆಲ್ಲ ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗಬೇಕು. ಸರ್ಕಾರಿ ಕಚೇರಿಯ ಕೆಲಸ ಇದ್ದರೆ ಪಾಹಸ್ಕಾಕ್ಕೇ ಬರಬೇಕು. ಇಂಥ ಕಡೆ ಕಾರು ಉಪಯೋಗಕ್ಕೆ ಬಾರದ ವಸ್ತುವೇನಲ್ಲ, ಅಲ್ವಾ? ಜತೆಗೆ, ಇದ್ದವನು ಇಲ್ಲದ ನೆಂಟನಿಗೆ ಕೊಡಬೇಕು ಎನ್ನುವುದು ಅವರಲ್ಲಿ ಹಳೆಯ ನಡವಳಿಕೆ. ಬಂದವರಿಗೆ ಊಟ ಹಾಕೋದು, ಕುಣಿತದ ಸಮಯದಲ್ಲಿ ಬಟ್ಟೆ, ಹೊದಿಕೆ, ಕುದುರೆ ದಾನ ಕೊಡೋದು ಗೌರವದ ಕೆಲಸ. ಹಣ ಬಂದಾಗ ಈ ಕೊಡುಗೆಯೂ ದೊಡ್ಡದಾಯಿತು. ಹೊರಗಿನಿಂದ ನೋಡಿದವನಿಗೆ ಅದೂ ದುಂದುವೆಚ್ಚವಾಗಿಯೇ ಕಂಡಿತು. ಪಟ್ಟಿ ಮುಗಿದ ಮೇಲೆ ಹುಟ್ಟಿದ, ಪಾಲೇ ಇಲ್ಲದ ಮಕ್ಕಳನ್ನೂ ಇದೇ ಹಣ ಸಾಕಬೇಕಿತ್ತು ಎಂಬುದನ್ನು ಆತ ನೋಡಲಿಲ್ಲ.

ಇನ್ನೂ ಒಂದು ವಿಷಯ. ಅದೇ ವರ್ಷಗಳಲ್ಲಿ ಇಡೀ ಅಮೆರಿಕ ಕಾರು ಕೊಳ್ಳುತ್ತಿತ್ತು, ಅದೂ ಸಾಲ ಮಾಡಿ. ಕಾರು ಕೊಳ್ಳುವವರಿಗೆ ಸಾಲ ಕೊಡೋಕೆ ಅಂತಲೇ ಜನರಲ್ ಮೋಟರ್ಸ್ 1919ರಲ್ಲಿ ಪ್ರತ್ಯೇಕ ಹಣಕಾಸು ಕಂಪನಿ ತೆರೆಯಿತು. ಕಂತಿನ ಮೇಲೆ ಕಾರು, ರೇಡಿಯೊ, ಪಿಯಾನೊ, ಪೀಠೋಪಕರಣ ಕೊಳ್ಳುವುದು ಸಾಮಾನ್ಯ ಮಧ್ಯಮವರ್ಗದ ಬದುಕಾಯಿತು. ಅದನ್ನು ದೇಶದ ಏಳಿಗೆ ಎಂದು ಹೊಗಳಿದರು. ಕೊಳ್ಳುವ ವಸ್ತು ಅದೇ, ಕೊಳ್ಳುವ ಹುಚ್ಚೂ ಅದೇ. ಓಸೇಜ್ ಮನೆಯ ಅಂಗಳದಲ್ಲಿ ನಿಂತಾಗ ಮಾತ್ರ ಅದೇ ಕಾರು ಅಯೋಗ್ಯತೆಯ ಸಾಕ್ಷಿ.

ನಮ್ಮಲ್ಲಿ ಒಂದು ಗಾದೆ ಇದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಚಿಕ್ಕಂದಿನಿಂದ ಕೇಳಿದ ಗಾದೆಯಾದ್ದರಿಂದ ಅದರ ಒಳಗೇನಿದೆ ಎಂದು ನಾವು ಯೋಚಿಸೋದಿಲ್ಲ. ಅದರಲ್ಲಿ ಕೊಡೆ ಕೊನೆಗೆ ಬರುತ್ತದೆ. 'ಅಲ್ಪ' ಎಂಬ ತೀರ್ಪು ಮೊದಲೇ ಬಂದಿದೆ. ಅವನು ಇನ್ನೂ ಏನನ್ನೂ ಕೊಂಡಿಲ್ಲ, ಆಗಲೇ ಅಲ್ಪ. ಓಸೇಜ್ ಪ್ರಕರಣದಲ್ಲಿ ನಡೆದದ್ದೂ ಇದೇ ಕ್ರಮದಲ್ಲಿ.

ಯೋಗ್ಯತೆ ಅಳೆದ ರೀತಿ

ಖರ್ಚು ನೋಡಿ ತೀರ್ಪು ಕೊಟ್ಟಿದ್ದರೆ ಏನು ಮಾಡಬೇಕಿತ್ತು? ಒಬ್ಬೊಬ್ಬರ ವ್ಯವಹಾರ ನೋಡಬೇಕಿತ್ತು. ಯಾರು ಸಾಲಕ್ಕೆ ಸಿಕ್ಕಿದ್ದಾರೆ, ಯಾರು ಚೆನ್ನಾಗಿ ನಡೆಸುತ್ತಿದ್ದಾರೆ ಎಂದು ಬೇರೆ ಮಾಡಬೇಕಿತ್ತು. ಹಾಗೆ ಆಗಲಿಲ್ಲ. ಹೆಚ್ಚಿನ ಸಂದರ್ಭದಲ್ಲಿ ನೋಡಿದ್ದು ರಕ್ತವನ್ನು. ಅಪ್ಪ ಅಮ್ಮ ಇಬ್ಬರೂ ಓಸೇಜ್ ಆಗಿದ್ದರೆ ಅಂಥವರನ್ನು ಬಹುತೇಕ ಅಯೋಗ್ಯರೆಂದೇ ಲೆಕ್ಕ ಹಿಡಿದು, ಅವರ ಹಣ ನೋಡಿಕೊಳ್ಳೋಕೆ ಗಾರ್ಡಿಯನ್ ಎಂಬ ಪೋಷಕನನ್ನು ನೇಮಿಸುತ್ತಿದ್ದರು. ಬಿಳಿಯ ರಕ್ತ ಬೆರೆತಷ್ಟೂ ಯೋಗ್ಯತಾ ಪತ್ರ ಸುಲಭ. ಪತ್ರ ಸಿಕ್ಕಿದವನು ಎಷ್ಟೇ ದುಂದು ಮಾಡಲಿ, ಅವನ ಚೆಕ್‌ಗೆ ಅವನದೇ ಸಹಿ ನಡೆಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋಗಿ ಅಮೆರಿಕಕ್ಕಾಗಿ ಹೋರಾಡಿ ಬಂದ ಓಸೇಜ್ ಸೈನಿಕನೊಬ್ಬ, ತನ್ನ ಚೆಕ್‌ಗೆ ತಾನು ಸಹಿ ಹಾಕುವ ಹಕ್ಕೂ ಇಲ್ಲವಲ್ಲ ಎಂದು ನೊಂದು ಹೇಳಿದ್ದ. ಅವನ ಖರ್ಚಿನ ಪುಸ್ತಕವನ್ನು ಯಾರೂ ತೆರೆದು ನೋಡಿರಲಿಲ್ಲ.

ಗಾರ್ಡಿಯನ್‌ಗಳನ್ನು ನೇಮಿಸುವ ಅಧಿಕಾರ ಸ್ಥಳೀಯ ಕೌಂಟಿ ಕೋರ್ಟಿಗೆ ಇತ್ತು. ಅದಕ್ಕೆ ದಾರಿ ಮಾಡಿದ್ದು 1912ರ ಕಾನೂನು. ಗಾರ್ಡಿಯನ್‌ಗಳಾಗಿ ಬಂದವರು ಊರಿನ ಬ್ಯಾಂಕಿನವರು, ವಕೀಲರು, ಅಂಗಡಿ ಮಾಲೀಕರು, ದನ ಸಾಕುವ ದೊಡ್ಡ ಕುಳಗಳು, ರಾಜಕಾರಣಿಗಳು. ಊರಿನಲ್ಲಿ 'ಮರ್ಯಾದಸ್ಥರು' ಎನಿಸಿಕೊಂಡ ಬಿಳಿಯರು. ಅವರ ಸಂಬಳ, ವಕೀಲರ ಫೀಸು ಎಲ್ಲ ಓಸೇಜ್ ವ್ಯಕ್ತಿಯ ಹಣದಿಂದಲೇ. ಸಣ್ಣ ವಸ್ತು ಕೊಳ್ಳೋಕೂ ಗಾರ್ಡಿಯನ್‌ನ ಒಪ್ಪಿಗೆ ಬೇಕು.

ಮುಂದೆ ಏನಾಯಿತು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ 'ದುಂದುವೆಚ್ಚ' ಎಂದು ಕರೆದ ಹಣದ ಒಂದು ದೊಡ್ಡ ಪಾಲು ಎಲ್ಲಿಗೆ ಹೋಯಿತು ಎಂಬುದು ಇಲ್ಲೇ ಗೊತ್ತಾಗುತ್ತದೆ. ಗಾರ್ಡಿಯನ್ ಒಂದು ಹಳೆಯ ಕಾರನ್ನು ಕಡಿಮೆ ಬೆಲೆಗೆ ಕೊಳ್ಳುತ್ತಾನೆ. ತನ್ನ ಕೈಕೆಳಗಿನ ಓಸೇಜ್ ವ್ಯಕ್ತಿಯ ಖಾತೆಯಿಂದ ಹಲವು ಪಟ್ಟು ಹಣ ತೆಗೆದು ಅದನ್ನು ಅವನಿಗೇ ಮಾರುತ್ತಾನೆ. ಪುಸ್ತಕದಲ್ಲಿ ಅದು 'ಓಸೇಜ್ ವ್ಯಕ್ತಿ ದುಬಾರಿ ಕಾರು ಕೊಂಡ' ಎಂದು ಬರುತ್ತದೆ. ಗಾರ್ಡಿಯನ್‌ನೇ ಅಂಗಡಿ ಮಾಲೀಕನಾಗಿದ್ದರೆ ತನ್ನ ಅಂಗಡಿಯಲ್ಲೇ ಕೊಳ್ಳಬೇಕು ಎಂದು ಕಟ್ಟು ಹಾಕುತ್ತಾನೆ. ಬೇರೆ ಅಂಗಡಿಯವನಾದರೆ ಕಮಿಷನ್. ಬಿಳಿಯರಿಗೆ ಒಂದು ಬೆಲೆ, ಓಸೇಜ್‌ರಿಗೆ ಇನ್ನೊಂದು ಬೆಲೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಶವಪೆಟ್ಟಿಗೆ ಮಾರುವವನೂ ಬಿಡಲಿಲ್ಲ, ಓಸೇಜ್ ಮನೆಯ ಸಾವಿಗೆ ಹೆಚ್ಚಿನ ದರ ಹಾಕಿದ. 1925ರೊಳಗೆ ಗಾರ್ಡಿಯನ್‌ಗಳು ನೇರವಾಗಿ ಕದ್ದ ಹಣವೇ ಕನಿಷ್ಠ 80 ಲಕ್ಷ ಡಾಲರ್ ಎಂದು ಸರ್ಕಾರಿ ಅಂದಾಜು ಹೇಳಿತು. ಬೆಲೆಯಲ್ಲಿ, ಕಮಿಷನ್ನಿನಲ್ಲಿ, ಫೀಸಿನಲ್ಲಿ ಹೋದದ್ದು ಅದಕ್ಕೆ ಸೇರಿಲ್ಲ.

ಹೊಸ ಶ್ರೀಮಂತನ ಖರ್ಚಿನ ಅಂಕಿ ನೋಡುವಾಗ ನಾವು ಕೇಳಲೇಬೇಕಾದ ಪ್ರಶ್ನೆ ಇದು. ಅವನು ಎಷ್ಟು ಖರ್ಚು ಮಾಡಿದ ಎನ್ನುವುದರ ಜತೆಗೆ, ಅದರಲ್ಲಿ ಎಷ್ಟು ಅವನು ಮೋಸ ಹೋದದ್ದು? ಹೊರಗೆ ಎರಡೂ ಒಂದೇ ಅಂಕಿಯಾಗಿ ಕಾಣುತ್ತದೆ. ದುಪ್ಪಟ್ಟು ಬೆಲೆ ಹಾಕಿದವನ ಹೆಸರು ಯಾರ ಬಾಯಲ್ಲೂ ಬರೋದಿಲ್ಲ. ಕೊಟ್ಟವನು ಮಾತ್ರ ದಡ್ಡ.

ಓಸೇಜ್‌ರಲ್ಲಿ ನಿಜವಾಗಿ ಹಣ ಹಾಳು ಮಾಡಿಕೊಂಡವರು ಇರಲಿಲ್ಲವೇ? ಇದ್ದರು. ಕುಡಿತಕ್ಕೆ ಬಿದ್ದವರಿದ್ದರು, ಅಂಗಡಿಗಳಲ್ಲಿ ಸಾಲ ಬೆಳೆಸಿಕೊಂಡವರಿದ್ದರು. ಒಮ್ಮೆಲೇ ದೊಡ್ಡ ಹಣ ಬಂದಾಗ ಎಲ್ಲ ಜನಾಂಗದಲ್ಲೂ ಕೆಲವರಿಗೆ ಹೀಗಾಗುತ್ತದೆ. ಇಂಥವರಿಗೆ ರಕ್ಷಣೆ ಬೇಕು ಎಂಬ ವಾದವನ್ನು ಸುಮ್ನೆ ತಳ್ಳಿಹಾಕಲಾಗದು. ಎಣ್ಣೆ ಊರುಗಳಿಗೆ ಮೋಸಗಾರರು ಹಿಂಡು ಹಿಂಡಾಗಿ ಬಂದಿದ್ದು ನಿಜ. ಆದರೆ ರಕ್ಷಣೆ ಎಂದರೆ ಏನು ಮಾಡಬಹುದಿತ್ತು ನೋಡಿ. ಎರಡು ಬೆಲೆ ಹಾಕುವ ಅಂಗಡಿಯವನಿಗೆ ದಂಡ ಹಾಕಬಹುದಿತ್ತು. ಬಡ್ಡಿಗೆ ಮಿತಿ ಹಾಕಬಹುದಿತ್ತು. ಬೇಕಾದವರಿಗೆ ಲೆಕ್ಕ ನೋಡಿಕೊಳ್ಳುವ ನಂಬಿಕಸ್ಥರನ್ನು ಒದಗಿಸಬಹುದಿತ್ತು. 1921ರ ಕಾನೂನು ಕೈ ಕಟ್ಟಿದ್ದು ಹಣದ ಒಡೆಯನದ್ದು. ಸುತ್ತ ನಿಂತವರ ಕೈ ಹಾಗೇ ಬಿಟ್ಟಿತು. ಅಷ್ಟೇ ಅಲ್ಲ, ಅವರಲ್ಲೇ ಕೆಲವರ ಕೈಗೆ ಬೀಗದ ಕೈ ಕೊಟ್ಟಿತು.

ಅದೇ ಎಣ್ಣೆ, ಇನ್ನೊಬ್ಬ ಹೊಸ ಶ್ರೀಮಂತ

ಹೋಲಿಸಿ ನೋಡೋಕೆ ದೂರ ಹೋಗಬೇಕಿಲ್ಲ. ಎಲ್ಮ್ ಮರದ ಕೆಳಗೆ ಹರಾಜು ಕೂಗಿದವರಲ್ಲಿ ಮಾರ್ಲಂಡ್ ಹೆಸರು ಹೇಳಿದೆನಲ್ಲ, ಅವನೂ ಹೊಸ ಶ್ರೀಮಂತನೇ. ಪಿಟ್ಸ್‌ಬರ್ಗ್‌ನಿಂದ ಬಂದವನು. ಒಮ್ಮೆ ಹಣ ಮಾಡಿ ಕಳೆದುಕೊಂಡು, 1908ರಲ್ಲಿ ಒಕ್ಲಹೋಮಕ್ಕೆ ಬಂದು ಮತ್ತೆ ಎದ್ದ. ಓಸೇಜ್ ನೆಲದ ಎಣ್ಣೆಯೂ ಅವನ ಸಂಪತ್ತಿನ ಒಂದು ದೊಡ್ಡ ಮೂಲ.

ಅವನ ಖರ್ಚು ನೋಡಿ. ಪಾಂಕಾ ಸಿಟಿಯಲ್ಲಿ 1925ರಿಂದ 1928ರವರೆಗೆ 55 ಕೋಣೆಗಳ ಅರಮನೆ ಕಟ್ಟಿಸಿದ. ಮಾದರಿ ಇಟಲಿಯ ಫ್ಲಾರೆನ್ಸ್‌ನ ಹಳೆಯ ಅರಮನೆ. ವೆಚ್ಚ 55 ಲಕ್ಷ ಡಾಲರ್. ಚಾವಣಿಯ ಚಿತ್ರಗಳಿಗೆ ಚಿನ್ನದ ರೇಕು. ಒಕ್ಲಹೋಮದ ಬಯಲಿನಲ್ಲಿ ಪೋಲೊ ಮೈದಾನ. ಇಂಗ್ಲೆಂಡಿನ ಜಮೀನ್ದಾರರ ಹಾಗೆ ಕುದುರೆ ಏರಿ ನರಿ ಬೇಟೆ ಆಡೋಕೆ ಹೊರಗಿನಿಂದ ನರಿ ತರಿಸಿದ. ಅರಮನೆ ಮುಗಿದ 1928ರಲ್ಲೇ, ಜೆ. ಪಿ. ಮಾರ್ಗನ್ ಬ್ಯಾಂಕಿನ ಕಡೆಯವರಿಗೆ ಕಂಪನಿಯ ಹಿಡಿತ ಕಳೆದುಕೊಂಡ. ಅರಮನೆ ನಡೆಸೋಕೆ ಹಣ ಇಲ್ಲದೆ ಆವರಣದ ಸಣ್ಣ ಕಟ್ಟಡಕ್ಕೆ ಹೋದ. 1941ರಲ್ಲಿ ಅದನ್ನು ಒಂದು ಕ್ರೈಸ್ತ ಸಂನ್ಯಾಸಿ ಸಂಘಕ್ಕೆ ಮಾರಿದಾಗ ಸಿಕ್ಕಿದ್ದು 66,000 ಡಾಲರ್.

ಯಾವ ಅಳತೆಯಲ್ಲಿ ನೋಡಿದರೂ ಓಸೇಜ್ ಜನರ ಕಾರುಗಳು ಈ ಖರ್ಚಿನ ಮುಂದೆ ಸಣ್ಣವು. ಹಣ ಕಳೆದುಕೊಂಡದ್ದೂ ಇವನೇ ಜಾಸ್ತಿ. ಆದರೂ ಮಾರ್ಲಂಡ್‌ಗೆ ಯಾರೂ ಗಾರ್ಡಿಯನ್ ನೇಮಿಸಲಿಲ್ಲ. ನೇಮಿಸಬೇಕು ಎಂಬ ಯೋಚನೆಯೇ ಯಾರಿಗೂ ಬಂದಿರಲಾರದು. ಅವನು ದಿವಾಳಿಯಾದ ಮೇಲೆ ಜನ ಅವನನ್ನು ಸಂಸತ್ತಿಗೆ ಆರಿಸಿದರು. 1935ರಿಂದ 1939ರವರೆಗೆ ಅವನು ಒಕ್ಲಹೋಮದ ಗವರ್ನರ್. ತನ್ನ ಹಣವನ್ನೇ ಉಳಿಸಿಕೊಳ್ಳಲಾಗದವನ ಕೈಗೆ ಇಡೀ ರಾಜ್ಯದ ಖಜಾನೆ ಬಂತು. ಆ ಅರಮನೆ ಇವತ್ತು ರಾಷ್ಟ್ರೀಯ ಸ್ಮಾರಕ, ಟಿಕೆಟ್ ಕೊಟ್ಟು ನೋಡುತ್ತಾರೆ.

ಮಾರ್ಲಂಡ್‌ನನ್ನು ಹಳಿಯೋಕೆ ಇದನ್ನು ಹೇಳುತ್ತಿಲ್ಲ. ಅವನು ಕೆಲಸಗಾರರಿಗೆ ಮನೆ ಕಟ್ಟಿಸಿಕೊಡೋಕೆ, ಅವರ ಆರೋಗ್ಯಕ್ಕೆ ಹಣ ಹಾಕಿದವನು, ಊರಿಗೂ ತುಂಬ ಕೊಟ್ಟವನು. ಅವನ ಬಗ್ಗೆ ಬರೆದವರು ಈ ಎರಡೂ ಮುಖವನ್ನು ಬರೆಯುತ್ತಾರೆ. ದೊಡ್ಡ ಕನಸು ಕಂಡ, ಕೈ ಬಿಚ್ಚಿ ಕೊಟ್ಟ, ಕೊನೆಗೆ ಸೋತ ಎನ್ನುತ್ತಾರೆ. ಒಬ್ಬ ಮನುಷ್ಯನಿಗೆ ಸಿಗಬೇಕಾದ ನ್ಯಾಯ ಅದು. ಕೈ ಬಿಚ್ಚಿ ಕೊಟ್ಟ ಓಸೇಜ್‌ರಿಗೆ ಅದು ಸಿಗಲಿಲ್ಲ. ಅವರಲ್ಲಿ ಒಬ್ಬನ ತಪ್ಪು 2,229 ಜನರ ತಪ್ಪಾಯಿತು. ಮಾರ್ಲಂಡ್‌ನ ತಪ್ಪು ಮಾರ್ಲಂಡ್‌ನದಷ್ಟೇ ಆಗಿ ಉಳಿಯಿತು.

ತೀರ್ಪಿನ ಮರೆಯಲ್ಲಿ ನಡೆದ ಕೊಲೆಗಳು

ಹೆಡ್‌ರೈಟ್ ಮಾರುವಂತಿರಲಿಲ್ಲ, ಉತ್ತರಾಧಿಕಾರವಾಗಿ ಮಾತ್ರ ಬರುತ್ತಿತ್ತು. ಹಾಗಾಗಿ ಒಂದು ಕುಟುಂಬದಲ್ಲಿ ಒಬ್ಬೊಬ್ಬರೇ ಸತ್ತರೆ ಪಾಲುಗಳು ಉಳಿದವರ ಕೈಯಲ್ಲಿ ಕೂಡುತ್ತವೆ. ವಿಲಿಯಂ ಹೇಲ್ ಎಂಬ ದನಗಳ ವ್ಯಾಪಾರಿ ಇದನ್ನು ಲೆಕ್ಕ ಹಾಕಿದ. ಅವನ ಸೋದರಳಿಯ ಅರ್ನೆಸ್ಟ್ ಬರ್ಕಾರ್ಟ್ ಮದುವೆಯಾಗಿದ್ದದ್ದು ಮಾಲಿ ಎಂಬ ಓಸೇಜ್ ಹೆಂಗಸನ್ನು. 1921ರ ಮೇ ತಿಂಗಳಲ್ಲಿ ಮಾಲಿಯ ಅಕ್ಕ ಆನಾ ಬ್ರೌನ್ ಗುಂಡೇಟಿಗೆ ಸತ್ತಳು. ಕೆಲವು ವಾರಗಳಲ್ಲಿ ಅವರ ತಾಯಿಯೂ ಹೋದಳು. 1923ರ ಮಾರ್ಚ್‌ನಲ್ಲಿ ಇನ್ನೊಬ್ಬ ಸೋದರಿ ರೀಟಾಳ ಮನೆಯನ್ನೇ ಸ್ಫೋಟಿಸಿದರು. ಅದೇ ವರ್ಷದ ಆರಂಭದಲ್ಲಿ ಹೆನ್ರಿ ರೋನ್ ಎಂಬ ಓಸೇಜ್ ಗಂಡಸು ತನ್ನ ಕಾರಿನಲ್ಲೇ ಗುಂಡೇಟಿನಿಂದ ಹೆಣವಾಗಿ ಸಿಕ್ಕಿದ್ದ. ಅವನ ಹೆಸರಿನಲ್ಲಿ ಹೇಲ್ 25,000 ಡಾಲರ್ ವಿಮೆ ಮಾಡಿಸಿಟ್ಟಿದ್ದ. ರೋನ್ ತನಗೆ ಸಾಲ ಕೊಡಬೇಕಿತ್ತು ಎಂಬುದು ಅದಕ್ಕೆ ಹೇಲ್ ಕೊಟ್ಟ ಕಾರಣ. ತನ್ನ ಪಾಲಿನ ಹಣ ತನ್ನ ಕೈಗೆ ಬಾರದ ಶ್ರೀಮಂತ ಊರಿನವರ ಹತ್ತಿರ ಕೈಸಾಲ ಕೇಳಬೇಕಾದ ಸ್ಥಿತಿ ಅದು. ಆ ಸಾಲವೇ ಅವನ ತಲೆಯ ಮೇಲೆ ವಿಮೆ ಮಾಡಿಸೋಕೆ ನೆಪವಾಯಿತು.

ಅಧಿಕೃತ ಲೆಕ್ಕದಲ್ಲಿ ಆ ವರ್ಷಗಳ ಅನುಮಾನಾಸ್ಪದ ಸಾವು 24. ನಿಜವಾದ ಸಂಖ್ಯೆ ಇದಕ್ಕಿಂತ ತುಂಬ ದೊಡ್ಡದು ಎಂದು ಆಮೇಲೆ ಕಡತಗಳನ್ನು ಹುಡುಕಿದವರು ಹೇಳಿದ್ದಾರೆ. ಇಷ್ಟು ಸಾವು ವರ್ಷಗಟ್ಟಲೆ ಸರಿಯಾದ ತನಿಖೆ ಇಲ್ಲದೆ ಹೋಯಿತು. ಸ್ಥಳೀಯ ಅಧಿಕಾರಿಗಳ ಕೈವಾಡ, ಭಯ ಇದ್ದೇ ಇತ್ತು. ಜತೆಗೆ ಇನ್ನೊಂದು ಇತ್ತು. ಓಸೇಜ್‌ರು ಕುಡಿದು, ಖರ್ಚು ಮಾಡಿ, ಹಾಳಾಗುವ ಜನ ಎಂಬ ಕಥೆ ಆಗಲೇ ಎಲ್ಲರ ತಲೆಯಲ್ಲಿ ಕೂತಿತ್ತು. ಪಾನನಿಷೇಧದ ಕಾಲ ಅದು. ಕಳ್ಳ ಸಾರಾಯಿಗೆ ವಿಷ ಬೆರೆಸಿ ಕೊಂದರೆ, ಕುಡಿದು ಸತ್ತ ಎಂದು ಕಡತ ಮುಚ್ಚೋದು ಸುಲಭ. ಯಾರಿಗೂ ಆಶ್ಚರ್ಯ ಆಗುತ್ತಿರಲಿಲ್ಲ. ಖರ್ಚಿನ ಬಗ್ಗೆ ಆಡಿದ ಹಗುರ ಮಾತು ಹೀಗೆ ಕೊಲೆಗಾರನ ಕೆಲಸಕ್ಕೆ ಬಂತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡಲಾರೆ.

ಕೊನೆಗೆ ಓಸೇಜ್ ಮಂಡಳಿಯೇ ಕೇಂದ್ರದ ನೆರವು ಕೇಳಿತು. ಮುಂದೆ ಎಫ್‌ಬಿಐ ಆದ ತನಿಖಾ ಸಂಸ್ಥೆ ಬಂತು. ತನಿಖೆಯ ಖರ್ಚಿಗೆ ಓಸೇಜ್‌ರೇ 20,000 ಡಾಲರ್ ಕೊಟ್ಟರು. ಬರ್ಕಾರ್ಟ್ 1926ರಲ್ಲಿ ತಪ್ಪೊಪ್ಪಿಕೊಂಡ. ಹಲವು ವಿಚಾರಣೆಗಳ ಬಳಿಕ 1929ರಲ್ಲಿ ಹೇಲ್‌ಗೆ ಜೀವಾವಧಿ ಶಿಕ್ಷೆಯಾಯಿತು, 1947ರಲ್ಲಿ ಪರೋಲ್ ಮೇಲೆ ಹೊರಬಂದ. 1925ರಲ್ಲಿ ಕಾನೂನು ತಿದ್ದಿದರು. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಓಸೇಜ್ ರಕ್ತದವರ ಹೆಡ್‌ರೈಟ್ ಓಸೇಜ್ ಅಲ್ಲದವರಿಗೆ ಉತ್ತರಾಧಿಕಾರವಾಗಿ ಹೋಗದಂತೆ ತಡೆದರು.

ಒಂದೇ ಮನೆಯ ಎರಡು ಖರ್ಚು

ಫೇರ್‌ಫ್ಯಾಕ್ಸ್ ಪಟ್ಟಣದಲ್ಲಿ ಟಾಲ್ ಚೀಫ್ ಎಂಬ ಓಸೇಜ್ ಕುಟುಂಬ ಇತ್ತು. ಗುಡ್ಡದ ಮೇಲೆ 10 ಕೋಣೆಯ ಇಟ್ಟಿಗೆ ಮನೆ. ಊರಿನ ಸಿನಿಮಾ ಮಂದಿರ ಅವರದೇ. ಅಪ್ಪ ಜೀವನದಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ ಎಂದು ಮಗಳೇ ಆಮೇಲೆ ಹೇಳಿಕೊಂಡಿದ್ದಾರೆ. ಕುಡಿತ ಇತ್ತು, ಹಣದ ಬಗ್ಗೆ ಅಪ್ಪ ಅಮ್ಮನ ಜಗಳವೂ ಇತ್ತು. ಪತ್ರಿಕೆಗಳು ಬಿಡಿಸುತ್ತಿದ್ದ ಚಿತ್ರಕ್ಕೆ ಸರಿಯಾಗಿ ಹೊಂದುವ ಮನೆ.

ಅದೇ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಪಿಯಾನೊ, ಬ್ಯಾಲೆ ಪಾಠ ಹೇಳಿಸಿದರು. 1933ರಲ್ಲಿ ಮಕ್ಕಳ ಕಲಿಕೆಗಾಗಿ ಲಾಸ್ ಏಂಜಲೀಸ್‌ಗೆ ಹೋದರು. ದೊಡ್ಡ ಮಗಳು ಮರಿಯಾ ಟಾಲ್‌ಚೀಫ್ ನ್ಯೂಯಾರ್ಕ್ ಸಿಟಿ ಬ್ಯಾಲೆಯ ಮುಖ್ಯ ನರ್ತಕಿಯಾದರು. ಅಮೆರಿಕದ ಮೊದಲ ದೊಡ್ಡ ಬ್ಯಾಲೆ ತಾರೆ ಎಂದು ಅವರನ್ನು ಕರೆಯುತ್ತಾರೆ. ತಂಗಿ ಮಾರ್ಜರಿ ಪ್ಯಾರಿಸ್ ಒಪೆರಾ ಬ್ಯಾಲೆಯಲ್ಲಿ ಅತ್ಯುನ್ನತ ಸ್ಥಾನಕ್ಕೆ ಏರಿದರು.

ಈ ಸಂಗತಿ ಓದಿದಾಗ ನಮಗೆ ಸಮಾಧಾನ ಆಗುತ್ತದೆ. ನೋಡಿ, ಹಣ ಒಳ್ಳೆಯದಕ್ಕೆ ಹೋಯಿತು ಎನ್ನಿಸುತ್ತದೆ. ಆ ಸಮಾಧಾನವನ್ನೂ ಸ್ವಲ್ಪ ತಡೆದು ನೋಡಬೇಕು. ಪಾಠಕ್ಕೆ ಹೋದ ಹಣ ಸರಿ, ಕಾರಿಗೆ ಹೋದದ್ದು ತಪ್ಪು ಎಂದರೆ ನಾವೂ ಅದೇ ನ್ಯಾಯಪೀಠದಲ್ಲಿ ಕೂತಂತಾಯಿತು. ಮೂರು ವರ್ಷದ ಮಗುವಿಗೆ ಬ್ಯಾಲೆ ಶಿಕ್ಷಕಿ ಇಟ್ಟದ್ದನ್ನು ಆಗ ಯಾರಾದರೂ ಪತ್ರಕರ್ತ ನೋಡಿದ್ದರೆ, ಅದನ್ನೂ ಓಸೇಜ್‌ರ ಹುಚ್ಚು ಖರ್ಚಿನ ಪಟ್ಟಿಗೇ ಸೇರಿಸುತ್ತಿದ್ದ. ಫಲ ಕಂಡದ್ದು 20 ವರ್ಷ ಆದಮೇಲೆ. ಹಣ ಯಾರದೋ, ಯಾವುದಕ್ಕೆ ಎಂದು ತೀರ್ಮಾನಿಸುವ ಹಕ್ಕೂ ಅವರದೇ. ತಪ್ಪು ಮಾಡುವ ಹಕ್ಕು ಕೂಡ. ಮಾರ್ಲಂಡ್‌ಗೆ ಆ ಹಕ್ಕು ಇತ್ತು.

ಎಣ್ಣೆಯ ಸುಗ್ಗಿ ತುಂಬ ದಿನ ನಡೆಯಲಿಲ್ಲ. ಆರ್ಥಿಕ ಕುಸಿತ ಬಂತು, ಬೆಲೆ ಬಿತ್ತು. 1930ರ ದಶಕದ ಆರಂಭದಲ್ಲಿ ಒಂದು ಹೆಡ್‌ರೈಟ್‌ನ ವರ್ಷದ ಆದಾಯ 1,000 ಡಾಲರ್‌ಗಿಂತ ಕೆಳಗೆ ಇಳಿದಿತ್ತು. ಓಸೇಜ್‌ರ ಹಣ ಮುಗಿದದ್ದು ಅವರ ಖರ್ಚಿನಿಂದ ಎಂದು ಹೇಳುವವರು ಈ ಕುಸಿತವನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. 1938ರಲ್ಲಿ, ಇಂಥ ಕಷ್ಟದ ಕಾಲದಲ್ಲೇ, ಪಾಹಸ್ಕಾದಲ್ಲಿ ಜನಾಂಗದ ಸ್ವಂತ ವಸ್ತುಸಂಗ್ರಹಾಲಯ ತೆರೆಯಿತು. ಅಮೆರಿಕದಲ್ಲಿ ಮೂಲನಿವಾಸಿ ಜನಾಂಗವೊಂದು ತಾನೇ ನಡೆಸುವ ವಸ್ತುಸಂಗ್ರಹಾಲಯಗಳಲ್ಲಿ ಅದೇ ಅತಿ ಹಳೆಯದು.

ಲೆಕ್ಕ ಇಡೋಕೆ ಬರೋದಿಲ್ಲ ಎಂದು ಅನ್ನಿಸಿಕೊಂಡ ಈ ಜನ 1999ರಲ್ಲಿ ಸರ್ಕಾರದ ಲೆಕ್ಕವನ್ನೇ ಕೋರ್ಟಿಗೆ ಎಳೆದರು. ತಮ್ಮ ಪರವಾಗಿ ಹಣ ಹಿಡಿದಿದ್ದ ಅಮೆರಿಕ ಸರ್ಕಾರ, ಎಣ್ಣೆಯ ರಾಯಲ್ಟಿ ವಸೂಲಿಯಲ್ಲೂ ಆ ಹಣವನ್ನು ನೋಡಿಕೊಂಡದ್ದರಲ್ಲೂ ತಪ್ಪು ಮಾಡಿದೆ ಎಂಬುದು ದೂರು. 2011ರಲ್ಲಿ ಸರ್ಕಾರ 38 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿತು. ಹೆಡ್‌ರೈಟ್ ಹಣ ಇವತ್ತಿಗೂ ಮೂರು ತಿಂಗಳಿಗೊಮ್ಮೆ ಬರುತ್ತದೆ. ಅದರ ಸುಮಾರು ಕಾಲು ಭಾಗ ಈಗ ಓಸೇಜ್ ಅಲ್ಲದವರ ಮತ್ತು ಹೊರಗಿನ ಸಂಸ್ಥೆಗಳ ಕೈಯಲ್ಲಿದೆ. ಅದನ್ನು ವಾಪಸ್ ಪಡೆಯುವ ಪ್ರಯತ್ನವನ್ನು ಓಸೇಜ್‌ರು ಇನ್ನೂ ಬಿಟ್ಟಿಲ್ಲ.